ಅದಕ್ಕಿಂತ ಮೊದಲು

ನಮ್ಮ ಭೌತಶಾಸ್ತ್ರದ ಸರ್ ಅವರ ಬಲ ಅಂಗೈಯ ಗೆರೆಗಳು ಸದಾ ಬೆಳ್ಳಗಿರುತ್ತಿದ್ದವು. ಡಸ್ಟರ್ ಮೇಜಿನ ಮೇಲೆ ಇದ್ದರೂ ಹಲಗೆಯನ್ನು ಕೈಯಿಂದಲೇ ಒರೆಸುತ್ತಿದ್ದರು. ಬಸವಕಲ್ಯಾಣದಿಂದ ಹುಮನಾಬಾದಿನ ನಮ್ಮ ಕಾಲೇಜಿಗೆ ಬೆಳಗಿನ ಬಸ್ಸಿಗೆ ಬರುವವರು, ಸಂಜೆ ಆ ಬಿಳುಪನ್ನು ಹೊತ್ತೇ ಮರಳುತ್ತಿದ್ದರು.

ವಿಶ್ವದ ಹುಟ್ಟಿನ ಪಾಠಕ್ಕೆ ಮುನ್ನ, ಜಗತ್ತು ಹೇಗಾಯಿತೆಂದು ಮನೆಯಲ್ಲಿ ಹೇಳುವ ಕತೆಯನ್ನು ಕೇಳಿಕೊಂಡು ಬರಲು ಹೇಳಿದರು. ಒಬ್ಬಳು ನೀರಿನ ಮೇಲಿನ ಕಮಲವನ್ನು ತಂದಳು. ಇನ್ನೊಬ್ಬಳು ‘ಆಗು’ ಎಂಬ ದೇವರ ಮಾತನ್ನು, ಮತ್ತೊಬ್ಬಳು ಬರೀ ಬಯಲನ್ನು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು, ಪಕ್ಕದಲ್ಲೇ ಮಹಾಸ್ಫೋಟವನ್ನೂ ಬರೆದರು. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ: “ಅದಕ್ಕಿಂತ ಮೊದಲ ಏನಿತ್ತು?” ಮಹಾಸ್ಫೋಟದ ಬಳಿ ತಾವೇ ಕೇಳಿಕೊಂಡು, ತಾವೇ “ಗೊತ್ತಿಲ್ಲ” ಎಂದರು.

ನನ್ನ ಸರದಿ ಬಂತು. ನಮ್ಮದು ಬೌದ್ಧರ ಮನೆ.

“ನಮ್ಮ ಮನ್ಯಾಗ ಅಂಥಾ ಕತಿ ಇಲ್ರಿ ಸರ್. ಜಗತ್ತು ಯಾರು ಮಾಡಿದ್ರು ಬಿಡು, ದುಃಖ ಹ್ಯಾಂಗ ಕಮ್ಮಿ ಆಗ್ತದ ಅದನ್ನ ಕೇಳು ಅಂತಾಳ್ರಿ ನಮ್ಮವ್ವ.”

ಹುಡುಗಿಯರು ನಕ್ಕರು.

“ಯಾಕ ನಗಾಕತ್ತೀರಿ? ಕತಿ ಇಲ್ಲದಾಕಿಗಿ ಪ್ರಶ್ನೆ ಕೇಳೋದು ಹಗುರ,” ಎಂದವರು ನನ್ನತ್ತ ತಿರುಗಿದರು. “ಇನ್ನ ಮ್ಯಾಲ ಕೇಳೋ ಕೆಲಸ ನಿಂದು.”

ಪಿಯುಸಿ ಮುಗಿಯುವವರೆಗೂ ಪ್ರತಿ ಪಾಠದಲ್ಲೂ ಅವರು ನನ್ನ ಕಡೆ ನೋಡಿ, ಕಾದು, ಆಮೇಲೆ ತಾವೇ ಕೇಳುತ್ತಿದ್ದರು.

ನನ್ನ ಎಂ.ಎಸ್ಸಿ. ಮುಗಿದ ಬೇಸಿಗೆಯಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿದು ಮನೆಗೆ ಹೋದೆ. ಪಿಸುಮಾತಷ್ಟೇ ಉಳಿದಿತ್ತು. ಅಂಗೈ ಸ್ವಚ್ಛವಾಗಿತ್ತು, ಅದನ್ನೇ ನನಗೆ ನೋಡಲಾಗಲಿಲ್ಲ.

“ಜಿಂದಗಿ ಪೂರ್ತಿ ಇವರದು ಇದೇ ತಕರಾರು ನೋಡವ್ವಾ,” ಎಂದರು ಅವರ ಹೆಂಡತಿ. “ನಾ ಪುರಾಣ ಹೇಳಾಕ ಕುಂತ್ರ ಅರ್ಧಕ್ಕೇ ಬಾಯಿ ಹಾಕ್ತಾರ.”

“ಇವತ್ತ ಹೇಳು,” ಎಂದರು ಸರ್.

ಆಕೆ ಹಾಸಿಗೆಯ ಅಂಚಿಗೆ ಕುಳಿತು ಹೇಳತೊಡಗಿದರು. ಎಲ್ಲೆಲ್ಲೂ ನೀರು, ನೀರಿನ ಮೇಲೆ ಮಲಗಿದ ದೇವರು, ಕಮಲ. ಅಲ್ಲಿಗೆ ನಿಲ್ಲಿಸಿ ಗಂಡನ ಮುಖ ನೋಡಿದರು. ಸರ್ ಎಚ್ಚರವಾಗಿದ್ದರು, ಆದರೆ ಪ್ರಶ್ನೆ ಕೇಳಲಿಲ್ಲ.

“ಕೇಳ್ರಿ,” ಎಂದರು ಆಕೆ. “ಒಮ್ಮೆರೆ ಕೇಳ್ರಲ್ಲ.”

ಸರ್ ನನ್ನ ಕಡೆ ನೋಡಿದರು. ತರಗತಿಯಲ್ಲಿ ಕಾಯುತ್ತಿದ್ದ ಹಾಗೆಯೇ ಕಾದರು.

“ಅದಕ್ಕಿಂತ ಮೊದಲ ಏನಿತ್ರಿ, ಅಮ್ಮಾ?” ಎಂದೆ.

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸರ್ ಆಕೆಯ ಮೊಣಕೈ ಹಿಡಿದುಕೊಂಡರು. “ಗೊತ್ತಿಲ್ಲವ್ವಾ,” ಎಂದರು ಆಕೆ ಸೆರಗಿನೊಳಗಿಂದಲೇ.

ಆ ವಾರವೇ ಸರ್ ಹೋದರು. ಅವರು ನನಗೆ ಕೊಟ್ಟಿದ್ದು ಒಂದೇ ಕೆಲಸ. ಅವರ ಕಿವಿಗೆ ಬೀಳುವಂತೆ ಅದನ್ನು ಮಾಡಿದ್ದು ಒಂದೇ ಸಲ.