ಚಿಕ್ಕಪ್ಪನ ಕೈಯಲ್ಲಿದ್ದ ಹಗ್ಗ

ಗಣಪತಿ, ಆ ಹಗ್ಗವನ್ನು ತಡೆದವನು ನಾನು. ನನ್ನ ಚಿಕ್ಕಪ್ಪನಲ್ಲ.

ನಿನ್ನ ಅಣ್ಣ ಮಂಜುನಾಥ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮುಳುಗಿದ ಆ ಬೆಳಿಗ್ಗೆ ನಮ್ಮ ದೋಣಿ ನಿಮ್ಮ ಪಕ್ಕದಲ್ಲೇ ಹಾದುಹೋಯಿತು, ಹಗ್ಗ ಮಾತ್ರ ಬರಲಿಲ್ಲ. ಚಿಕ್ಕಪ್ಪನ ಮುಖ ನೋಡಲಾರದೆ ನೀನು ಕೇರಿ ಬಿಟ್ಟು ಬೆಳಕೆ ಊರಿನ ಹೆಂಡತಿ ಮನೆ ಸೇರಿದೆ. ಇಲ್ಲೇ ಉಳಿದ ನಿನ್ನ ತಾಯಿ ಅವನನ್ನು ಕಂಡರೆ ದಾರಿ ಬದಲಿಸುತ್ತಾಳೆ. ನನ್ನನ್ನು ಕಂಡರೆ ನಿಲ್ಲುತ್ತಾಳೆ — "ಊಟ ಆತಾ ಮಗಾ?" ಎನ್ನುತ್ತಾಳೆ. ಇಷ್ಟು ವರ್ಷಗಳಿಂದ ನಾನು "ಆತು" ಎನ್ನುತ್ತಲೇ ಬಂದಿದ್ದೇನೆ.

ಕುಮಟಾದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ನಾವಿಬ್ಬರೂ ಹೊನ್ನಾವರದಿಂದ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದ ಅದೇ ಕಾಲೇಜು. ನೀನು ಓದು ಅರ್ಧಕ್ಕೆ ಬಿಟ್ಟು ದೋಣಿ ಹತ್ತಿದೆ, ನಾನು ಓದಿಯೇ ಓದಿದೆ. ಕಣ್ಣು ಕೋರೈಸುವ ದೀಪ ಹಾಕಿ ಮರಿಮೀನನ್ನೂ ಬಿಡದೆ ಬಳಿಯುವುದು ಬೇಡವೆಂದು ನಮ್ಮ ಕೇರಿಯ ಕೂಟ ಎಷ್ಟೋ ಸಲ ತೀರ್ಮಾನಿಸಿತ್ತು. ಪ್ರತಿ ಸಲವೂ ದೊಡ್ಡ ದೋಣಿಯವರಿಗೆ ಏನಾದರೊಂದು ವಿನಾಯಿತಿ ಸಿಗುತ್ತಿತ್ತು. ಇಲ್ಲದವನು ಸಿಕ್ಕರೆ ದಂಡ. ಇದು ನನ್ನನ್ನು ಕುದಿಸುತ್ತಿತ್ತು — ಆ ಸಿಟ್ಟು ಸುಳ್ಳಾಗಿತ್ತೆಂದು ಈಗಲೂ ಹೇಳಲಾರೆ.

ನೀವಿಬ್ಬರು ಅಣ್ಣತಮ್ಮ ದೀಪ ಹಾಕಿ ಸಿಕ್ಕಿಬಿದ್ದಾಗ ಕೂಟದಲ್ಲಿ ಬಹಿಷ್ಕಾರದ ಮಾತು ಬಂತು. ಹಿರಿಯರ ಮನಸ್ಸಿನಲ್ಲಿದ್ದದ್ದು ಇಷ್ಟೇ: ನಿಮ್ಮ ಮೀನನ್ನು ಯಾರೂ ಕೊಳ್ಳಬಾರದು, ಮದುವೆ ಮುಂಜಿಗೆ ಕರೆಯಬಾರದು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಎದ್ದು ನಿಂತೆ. ಯಾವ ರೀತಿಯ ಸಹಕಾರವೂ ಇಲ್ಲ, ಸಹಕರಿಸಿದವರಿಗೂ ಅದೇ ಶಿಕ್ಷೆ, ವಿನಾಯಿತಿ ಯಾರಿಗೂ ಇಲ್ಲ, ಯಾವಾಗಲೂ ಇಲ್ಲ ಎಂದೆ. ನಾವೇ ಕೂಡಿ ಮಾಡಿಕೊಂಡ ನಿಯಮಕ್ಕೆ ನಾವೇ ತಲೆಬಾಗುವುದು ಗುಲಾಮಗಿರಿಯಲ್ಲ, ಅದೇ ನಿಜವಾದ ಸ್ವಾತಂತ್ರ್ಯ — ತರಗತಿಯಲ್ಲಿ ಹೇಳುವುದನ್ನೇ ಕೂಟ ಸೇರಿದ್ದ ಜಗಲಿಯ ಮೇಲೂ ಹೇಳಿದೆ. ಕೇಳಿಸಿಕೊಂಡರು. ನನ್ನ ಮಾತು ಮೊದಲ ಬಾರಿಗೆ ಪುಸ್ತಕದಿಂದ ಹೊರಗೆ ಬಂದು ಕೆಲಸ ಮಾಡುತ್ತಿತ್ತು. ಆ ಸುಖವನ್ನು ಹೇಗೆ ಹೇಳಲಿ —

ಆಗ ಚಿಕ್ಕಪ್ಪ ಕೈ ಎತ್ತಿದ. ನಮ್ಮ ದೋಣಿಯ ತಾಂಡೇಲ ಅವನು. ನೀರಿನ ಮೇಲೆ ಅವನದೇ ಕೊನೆಯ ಮಾತು.

"ಅಲ್ದಾ ಮಾಸ್ತರಾ, ಅಳಿವೆ ಬಾಯಲ್ಲಿ ಆದ್ರೆ ಎಂತ ಮಾಡೂದು? ನೀರಿನ ಮೇಲಿಂದು ಬೇರೆ ಅಲ್ದಾ?"

"ಇವತ್ತು ಅಳಿವೆ ಬಾಯಿ ಅಂದ್ರೆ, ನಾಳೆ ಮಾವನ ಮನೆ ಬಾಗ್ಲು ಅಂಬೂಕೆ ಎಷ್ಟು ಹೊತ್ತು ಚಿಕ್ಕಪ್ಪಾ?" ಎಂದೆ.

ಎಲ್ಲರೂ ನಕ್ಕರು. "ಸುಮ್ನೆ ಕೂಕೋ ತಾಂಡೇಲಾ, ಹುಡ್ಗ ಕಲ್ತವ. ನಿಂಗೆ ಬಲೆ ಬಿಟ್ರೆ ಎಂತ ಗೊತ್ತದೆ!" ಎಂದು ಯಾರೋ ಕೂಗಿದರು. ಚಿಕ್ಕಪ್ಪನೂ ನಕ್ಕ. ಹೆಮ್ಮೆಯಿಂದ ನಕ್ಕ, ಗಣಪತಿ. ಅಪ್ಪ ಸತ್ತ ಮೇಲೆ ನನ್ನ ಶುಲ್ಕ ಕಟ್ಟಿ ಓದಿಸಿದವನು ಅವನೇ.

ವಿನಾಯಿತಿಯಿಲ್ಲದ ಆ ನಿಯಮ ಮೊದಲು ಬಿದ್ದದ್ದು ನಿಮ್ಮಿಬ್ಬರ ಸಣ್ಣ ದೋಣಿಯ ಮೇಲೆ. ದೊಡ್ಡ ದೋಣಿಯವರ ಮೇಲೆ ಇನ್ನೂ ಬಿದ್ದಿಲ್ಲ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಇಳಿದ ಹೊಸತು. ಕಾಲೇಜಿಗೆ ರಜೆಯಿತ್ತು, ನಾನೂ ಚಿಕ್ಕಪ್ಪನ ಜೊತೆ ಹೋಗಿದ್ದೆ. ವಾಪಸು ಬರುವಾಗ ಅಳಿವೆಯ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತಿತ್ತು. ನಿಮ್ಮ ಎಂಜಿನ್ ನಿಂತುಹೋಗಿ ದೋಣಿ ಅಲೆಗೆ ಅಡ್ಡವಾಗಿತ್ತು. ಮಂಜಣ್ಣ ಹುಟ್ಟು ಹಿಡಿದು ಅದರ ಮೂತಿ ತಿರುಗಿಸಲು ಹೆಣಗುತ್ತಿದ್ದ. ನೀನು ಎರಡೂ ಕೈ ಮೇಲೆತ್ತಿ ನಿಂತಿದ್ದೆ.

ಚಿಕ್ಕಪ್ಪ ಚುಕ್ಕಾಣಿಯನ್ನು ಜೊತೆಯವನಿಗೆ ಕೊಟ್ಟು ಮುಂದೆ ಓಡಿ ಬಂದ, ಹಗ್ಗದ ಸುರುಳಿ ಎತ್ತಿದ. ತೋಳು ಹಿಂದಕ್ಕೆ ಹೋಗಿತ್ತು — ಇದನ್ನು ನಾನು ದಿನವೂ ನೋಡುತ್ತೇನೆ, ಆ ತೋಳು, ಮಣಿಕಟ್ಟಿನಿಂದ ಸೋರುವ ನೀರು. ಹಾಗೆಯೇ ನಿಂತು ನನ್ನತ್ತ ತಿರುಗಿದ.

"ಮಾಸ್ತರಾ, ಒಗೀಲಾ? ಕೂಟದಲ್ಲಿ ಕೇಳಿದ್ರೆ ಎಂತ ಹೇಳೂದು?"

ಅಳಿವೆಯಲ್ಲಿ ದೋಣಿ ನಿಲ್ಲಿಸಲು ಬರುವುದಿಲ್ಲ. ಹಾದುಹೋಗುವಾಗಲೇ ಎಸೆಯಬೇಕು, ಇಲ್ಲವೆಂದರೆ ಇಲ್ಲ. ನೀನು ನನ್ನ ಹೆಸರು ಹಿಡಿದು ಕೂಗಿದೆ — ಚಿಕ್ಕಪ್ಪನದಲ್ಲ, ನನ್ನದು. ಬಸ್ಸಿನಲ್ಲಿ ಸೀಟು ಹಿಡಿದು ಕರೆಯುತ್ತಿದ್ದ ಹಾಗೆಯೇ.

ನಾನು ಹೇಳಿದೆ: "ನಿರ್ಣಯ ಅಂದ್ರೆ ನಿರ್ಣಯ, ಚಿಕ್ಕಪ್ಪಾ."

ಅವನ ತೋಳು ಕೆಳಗಿಳಿಯಿತು.

ಆ ಕ್ಷಣದಲ್ಲಿ ನಾನು ಸಿದ್ಧಾಂತಕ್ಕೆ ನಿಷ್ಠನಾಗಿದ್ದೆ ಎಂದು ಬಹಳ ಕಾಲ ನಂಬಲು ನೋಡಿದೆ. ಆಗಲಿಲ್ಲ. ಆಗ ನನ್ನ ಕಣ್ಣಮುಂದೆ ಬಂದದ್ದು ನಿಯಮವಲ್ಲ — ಆ ಜಗಲಿ, ಆ ನಗು. ನಾನೇ ಮಾಡಿಸಿದ್ದನ್ನು ನಾನೇ ಮುರಿದರೆ ನಗು ನನ್ನ ಕಡೆ ತಿರುಗುತ್ತದಲ್ಲಾ ಎಂಬ ಹೆದರಿಕೆ. ಅಷ್ಟೇ ಇತ್ತು ಅಲ್ಲಿ. ದೊಡ್ಡ ಮಾತುಗಳು ಆಮೇಲೆ ಬಂದವು.

ಹಿಂದಿನಿಂದ ಭಟ್ಕಳದ ದೋಣಿಯೊಂದು ಬರುತ್ತಿತ್ತು. ಅವರು ತಮ್ಮ ನವಾಯತಿ ಮಾತಿನಲ್ಲಿ ಏನೋ ಕಿರುಚುತ್ತ ಒಡೆಯುವ ಅಲೆಗೇ ನುಗ್ಗಿ ಹಗ್ಗ ಎಸೆದರು. ಅವರಿಗೆ ನಮ್ಮ ಕೂಟ ಗೊತ್ತಿಲ್ಲ, ನಿರ್ಣಯ ಗೊತ್ತಿಲ್ಲ, ನಿನ್ನ ಹೆಸರೂ ಗೊತ್ತಿರಲಿಲ್ಲ. ನೀನು ಸಿಕ್ಕಿದೆ. ಅಷ್ಟರಲ್ಲಿ ದೋಣಿ ಮಗುಚಿತ್ತು. ಮಂಜಣ್ಣ ಸಿಕ್ಕಿದ್ದು ಮಾರನೆಯ ದಿನ, ದಂಡೆಯಲ್ಲಿ.

ಪೊಲೀಸರು ಕೇಳಿದರು, ಕೇರಿಯವರು ಕೇಳಿದರು. ಎಂಜಿನ್ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ ಎಂದೆ. ಚುಕ್ಕಾಣಿ ಹಿಡಿದವನಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಅವನ ನಿಜದ ಪಕ್ಕದಲ್ಲಿ ನನ್ನ ಸುಳ್ಳು ಚೆನ್ನಾಗಿ ಹೊಂದಿಕೊಂಡಿತು. ನಿಯಮ ಮಾಡಿದ ಕೇರಿಯೇ ಈಗ ಚಿಕ್ಕಪ್ಪನತ್ತ ಬೆರಳು ತೋರಿಸಿತು: ಯಾವುದೋ ಹಳೆಯ ದ್ವೇಷ ತೀರಿಸಿಕೊಂಡ, ಕಲ್ಲು ಮನಸ್ಸಿನವ. ಅವನು ಅಂದದ್ದು ಒಂದೇ ಮಾತು — "ಹೌದು, ನಾನೇ ಒಗೀಲಿಲ್ಲ." ನನ್ನತ್ತ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ನಾನು —

ಇಲ್ಲ. ನೋಡಿದ್ದರೂ ಹೇಳುತ್ತಿರಲಿಲ್ಲ.

ಈ ವರ್ಷ ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಸರ್, ನಿಯಮ ಮಾಡ್ದವ್ರಿಗೆ ಹೊಳೀದೇ ಇದ್ದದ್ದು ಎದ್ರಿಗೆ ಬಂದ್ರೆ?" ಉತ್ತರ ನನ್ನ ನಾಲಿಗೆಯ ಮೇಲೆ ಸಿದ್ಧವಿತ್ತು. ಹೇಳಲು ಬಾಯಿ ತೆರೆದಾಗ ತಿಳಿಯಿತು — ನಮಗೆ ಅದು ಹೊಳೆದಿತ್ತು. ಚಿಕ್ಕಪ್ಪ ಎಲ್ಲರೆದುರು ಕೇಳಿದ್ದ. ನಾನು ಅದನ್ನು ನಗೆಗೀಡು ಮಾಡಿದ್ದೆ. ಪಾಠ ನಿಲ್ಲಿಸಿ ಹೊರಗೆ ಬಂದೆ.

ಮನೆಗೆ ಹೋಗಿ, ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವನು ಬಲೆಯ ಹರಿದ ಕಣ್ಣು ಹುಡುಕುತ್ತಿದ್ದ.

"ಈಗ ಎಂತಕ್ಕೆ ಮಾರಾಯಾ? ಕೈ ಇಳ್ಸಿದ್ದು ನಾನೇ ಅಲ್ದಾ? ನಿನ್ನ ಮಾತೇನು ನನ್ನ ಕೈ ಹಿಡ್ದಿತ್ತಾ?"

ಆ ಮಾತಿನ ಮರೆಯಲ್ಲಿ ಇನ್ನಷ್ಟು ವರ್ಷ ಅಡಗಿ ಕೂರಬಹುದು ಎನಿಸಿತು. ಎನಿಸಿತು, ಗಣಪತಿ — ಅದನ್ನೂ ಮುಚ್ಚಿಡುವುದಿಲ್ಲ. ಅದಕ್ಕೇ ನಿನಗೆ ಇದನ್ನು ಬರೆದು ಕಳಿಸುತ್ತಿದ್ದೇನೆ. ಕಳಿಸಿದ ಮೇಲೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಕೂಟ ಸೇರಿದಾಗ ಅದೇ ಜಗಲಿಯ ಮೇಲೆ ನಿಂತು ಆಡಿದ ಮಾತನ್ನು ಆಡಿದ ಹಾಗೆಯೇ ಹೇಳುತ್ತೇನೆ. ಮಂಜಣ್ಣ ಹೋದ ಮೇಲೆ ಯಾರೂ ಪಾಲಿಸದಿದ್ದರೂ ಆ ನಿರ್ಣಯವನ್ನು ಇನ್ನೂ ಯಾರೂ ತೆಗೆದಿಲ್ಲ. ತೆಗೆಯಲು ಕೇಳುತ್ತೇನೆ. ನಂತರ ಪೊಲೀಸರೂ ಕೇಳಲಿ.

ಕ್ಷಮೆ ಕೇಳಲು ನಾನಾಗಿ ಬೆಳಕೆಗೆ ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ, ಆಮೇಲೆ ನೀನು ನನ್ನನ್ನು ಎಂತ ಮಾಡಿದರೂ ಸರಿ.

ಅದಕ್ಕೂ ಮೊದಲು ಒಂದಿದೆ. ನಾಳೆ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ನಿನ್ನ ತಾಯಿ ಮೀನಿನ ಬುಟ್ಟಿ ಹೊತ್ತು ಎದುರು ಬರುತ್ತಾಳೆ. ನಿಲ್ಲುತ್ತಾಳೆ. ಅವಳು ಊಟ ಆತಾ ಎಂದು ಕೇಳುವ ಮೊದಲೇ, ಬುಟ್ಟಿ ಕೆಳಗಿಳಿಸಲು ಅವಳಿಗೆ ಕೈ ನೀಡಿ — ಹೇಳುತ್ತೇನೆ.