ಕುಯ್ಯದೆ ಬಿಟ್ಟ ಎರಡು ಸಾಲು

ಬೆಳಗ್ಗೆ ಏಳಕ್ಕೆ ಹಾಸನದಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ನಲವತ್ತು ಪುಸ್ತಿಕೆಗಳ ಕಟ್ಟಿತ್ತು. ಸಣ್ಣ ರೈತರಿಗೆ ಬೀಜ ಕೊಟ್ಟು, ಅವರು ಬೆಳೆದ ಮಿಡಿಸೌತೆಯನ್ನು ಕೊಂಡು, ಉಪ್ಪುನೀರಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವ ಕಂಪನಿಯೊಂದು ನನ್ನಿಂದ ಬರೆಸಿದ ಪುಸ್ತಿಕೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಅಚ್ಚಾದ ನನ್ನ ಮೊದಲ ಬರಹ. ರಕ್ಷಾಪುಟದಲ್ಲಿ ಅರಕಲಗೂಡು ಕಡೆಯ ಯಶೋದಮ್ಮ ಎರಡೂ ಕೈಯಲ್ಲಿ ಗೇಣುದ್ದದ ಕಾಯಿ ಹಿಡಿದು ನಗುತ್ತಿದ್ದರು. ಆ ಚಿತ್ರ ತೆಗೆದವನೂ ನಾನೇ; ಕಂಪನಿಯ ಕಚೇರಿಯವರೂ ಚಂದ ಇದೆ ಎಂದು ಅಚ್ಚಿಗೆ ಕೊಟ್ಟಿದ್ದರು. ಕಂಡಕ್ಟರ್ ನೋಡಲಿ ಎಂದು ಬೇಕೆಂದೇ ಚಿತ್ರ ಮೇಲೆ ಮಾಡಿ ಇಟ್ಟುಕೊಂಡಿದ್ದೆ. ಅವನು ಚಿಲ್ಲರೆ ಕೇಳಿದ, ಅಷ್ಟೆ.

ಒಂದು ಗಂಟೆಯ ದಾರಿ. ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು, ಆಟೋಗೆ ಅರವತ್ತು ರೂಪಾಯಿ ಕೊಟ್ಟು, ಊರಾಚೆ ಕಂಪನಿಯವರು ಕಾಯಿ ಕೊಳ್ಳುವ ಶೆಡ್ಡಿಗೆ ಹೋದೆ. ರೈತರು ನೆಲದ ಮೇಲೆ ಕೂತು ಕಾಯಿ ವಿಂಗಡಿಸುತ್ತಿದ್ದರು. ಕಿರುಬೆರಳಿನಷ್ಟು ಸಣ್ಣವು ಒಂದು ಗುಡ್ಡೆ, ಹೆಬ್ಬೆರಳಿನಷ್ಟು ದಪ್ಪನವು ಇನ್ನೊಂದು. ನಾನು ಕೊಟ್ಟ ಪುಸ್ತಿಕೆಯ ಚಿತ್ರ ನೋಡಿ ಒಬ್ಬ ಹಿರಿಯರು ಪಕ್ಕದವರಿಗೆ ತೋರಿಸಿದರು. ಇಬ್ಬರೂ ನಕ್ಕರು. ಯಾಕೆ ಎಂದೆ.

“ಏನಿಲ್ಲ ಸಾ. ಇಂತಾ ಕಾಯಿ ಇಲ್ಲಿಗೆ ತಂದ್ರೆ ದನಕ್ಕಾಕೋಗು ಅಂತಾರೆ.”

“ದೊಡ್ಡ ಕಾಯಿ ಒಳ್ಳೆಯದಲ್ಲವೇ?”

“ಇದ ದಿನಾ ಕುಯ್ಬೇಕು ಸಾ. ಒಂದಿನ ಬುಟ್ರೆ ಬಲಿತೋಯ್ತದೆ. ನಾಕು ದಿನ ಬುಟ್ರೆ ಬಳ್ಳಿನೂ ಸೊರಗ್ತದೆ. ಯಾರೋ ಸೋಂಬೇರಿ ಎಂಗಸು ಕಣ ಇವ್ಳು.”

ನನ್ನ ಕಿವಿ ಬಿಸಿಯಾಯಿತು. ಉಳಿದ ಪುಸ್ತಿಕೆಗಳನ್ನು ಅಲ್ಲೇ ಒಂದು ಮೂಟೆಯ ಮೇಲಿಟ್ಟು ಹೊಳೆನರಸೀಪುರದ ಬಸ್ಸು ಹಿಡಿಯೋಣವೆನಿಸಿತು. ಆದರೂ ಕಟ್ಟು ಹೊತ್ತುಕೊಂಡೇ ಹೊರಟೆ.

ಹೊಳೆನರಸೀಪುರದಲ್ಲಿ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಬಿಸಿಲು ಜೋರಿತ್ತು. ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದೆ. ಯಶೋದಮ್ಮ ಸೋಮಾರಿಯಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾಲ್ಕು ತಿಂಗಳ ಹಿಂದೆ ಮೊದಲ ಸಲ ಅವರ ಹತ್ತು ಗುಂಟೆ ಹೊಲಕ್ಕೆ ಹೋದಾಗ, “ಇಷ್ಟು ಪುಟ್ಟ ಕಾಯಿ ಚಿತ್ರದಲ್ಲಿ ಕಾಣೋದಿಲ್ಲ. ದಾರಿ ಪಕ್ಕದ ಎರಡು ಸಾಲು ಕುಯ್ಯದೆ ಬಿಡಿ, ಐದು ದಿನ ಬಿಟ್ಟು ಬರ್ತೀನಿ” ಎಂದವನು ನಾನು. ಆಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಆಯ್ತು ಎಂದು ತಲೆಯಾಡಿಸಿದ್ದರು.

ಅರಕಲಗೂಡಿನ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಂದೂವರೆ ಮೈಲಿ ನಡೆದೆ. ಅಕ್ಕಪಕ್ಕದ ಹೊಲಗಳಲ್ಲಿ ಬೀಜ ಊರುತ್ತಿದ್ದರು. ಯಶೋದಮ್ಮನ ಹೊಲ ಉತ್ತು ಹದ ಮಾಡಿದ್ದರೂ ಖಾಲಿ ಇತ್ತು. ಬಳ್ಳಿ ಹಬ್ಬಿಸುವ ಕಡ್ಡಿಗಳು ಬದುವಿನ ಮೇಲೆ ರಾಶಿ ಬಿದ್ದಿದ್ದವು. ಅಲ್ಲೇ ನಿಂತಿದ್ದ ಆಕೆಗೆ ಪುಸ್ತಿಕೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು, ನೋಡಿ ಮಡಿಚಿಟ್ಟುಕೊಂಡರು.

ಅಷ್ಟರಲ್ಲಿ ಬೀಜ ಹಂಚುತ್ತಿದ್ದ ಕಂಪನಿಯ ಫೀಲ್ಡ್ ಆಫೀಸರ್ ನಂದೀಶ್ ಬೈಕು ನಿಲ್ಲಿಸಿದ. “ಸರ್, ನಿಮ್ಮ ಪುಸ್ತಕದ ಹೀರೋಯಿನ್ನೇ ಕಾಯಿ ಕುಯ್ಯದೆ ಬಿಟ್ಟಿದ್ರು. ನಾನೇ ಕಣ್ಣಾರೆ ನೋಡ್ದೆ. ಪಟ್ಟಿಯಿಂದ ಹೆಸರು ತೆಗೀಲೇಬೇಕಾಯ್ತು. ಈ ಸಲ ಬೀಜ ಇಲ್ಲ.”

“ಮೈಗುಸಾರಿರ್ನಿಲ್ಲ ಅಂತ ಆವತ್ತೇ ಏಳಿದ್ನಲ್ಲಪ್ಪ” ಎಂದರು ಯಶೋದಮ್ಮ. ನನ್ನ ಕಡೆ ತಿರುಗಲಿಲ್ಲ.

ನಾನು ಬಾಯಿ ತೆರೆದೆ. “ಓ, ಹೌದಾ” ಎಂಬುದಷ್ಟೇ ಹೊರಬಂತು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಬಾಯಿ. ನಂದೀಶ್ ಊರೊಳಕ್ಕೆ ಹೋದ.

“ಕುಯ್ಯದೆ ಬಿಡಿ ಅಂದಿದ್ದು ನಾನೇ ಅಂತ ಯಾಕಮ್ಮ ಹೇಳಲಿಲ್ಲ?”

“ನೀವೂ ಕಂಪ್ನಿಯೋರೇ ಅಂದ್ಕಂಡಿದ್ದೆ ಸಾ. ಒಬ್ರು ಬುಡು ಅಂತೀರಿ, ಇನ್ನೊಬ್ರು ಯಾಕ್ ಬುಟ್ಟೆ ಅಂತೀರಿ. ಯಾರ ಮ್ಯಾಲೆ ಯಾರಿಗೆ ಏಳಾನ?”

“ಬಿಟ್ಟರೆ ಬಳ್ಳಿ ಕೆಡುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು. ಓದ್ದೋರು, ನಿಮ್ಗೂ ಗೊತ್ತಿರ್ತದೆ ಅಂದ್ಕಂಡೆ.”

ಸಿಟ್ಟಿನ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಹಾಗೆ ಹೇಳಿ ಹೊಲದಂಚಿನ ಮನೆಯೊಳಗಿನಿಂದ ಮಜ್ಜಿಗೆ ತಂದುಕೊಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಂಪನಿಯೂ ರೈತರೂ ಜೋಡೆತ್ತು ಎಂದು ಅದೇ ಪುಸ್ತಿಕೆಯ ಮೊದಲ ಪುಟದಲ್ಲಿ ಬರೆದಿದ್ದೆ. ಬೇಡ ಎನ್ನುವ ಧೈರ್ಯ ಒಂದೆತ್ತಿಗೆ ಇರಲೇ ಇಲ್ಲ ಎಂಬುದು ಬರೆಯುವಾಗ ಹೊಳೆಯಲಿಲ್ಲ.

ಲೋಟ ಕೆಳಗಿಟ್ಟು ಊರೊಳಕ್ಕೆ ಹೋದೆ. ನಂದೀಶ್ ಹಾಲಿನ ಡೈರಿಯ ಮುಂದೆ ಎಂಟು ಹತ್ತು ಜನರ ನಡುವೆ ನಿಂತಿದ್ದ. ಆ ಎರಡು ಸಾಲು ಬಿಡಲು ಹೇಳಿದವನು ನಾನೇ ಎಂದು ಎಲ್ಲರೆದುರೇ ಹೇಳಿದೆ. ಅವನು ತಲೆ ಕೆರೆದುಕೊಂಡ.

“ಬಾಯಿಮಾತಿಗೆ ಮೇಲಿನೋರು ಒಪ್ಪಲ್ಲ ಸರ್. ಬರ್ದು ಕೊಡಿ. ಆದ್ರೆ ಬರ್ದ್ರೆ ನಿಮ್ಮ ಪುಸ್ತಕ ಆಮೇಲೆ ಯಾರೂ ಹಂಚಲ್ಲ, ನೋಡಿ.”

ಒಂದು ಗಳಿಗೆ ಯೋಚಿಸಿದೆ. ಮುಚ್ಚಿಡುವುದಿಲ್ಲ, ನಿಜವಾಗಿಯೂ ಯೋಚಿಸಿದೆ. ಆ ಒಂದು ಗಳಿಗೆಯ ನಾಚಿಕೆ ಐದು ದಿನದ ತಪ್ಪಿಗಿಂತ ಹೆಚ್ಚು ಸುಟ್ಟಿತು. ಆಮೇಲೆ ಪುಸ್ತಿಕೆಯ ಹಿಂಬದಿ ಪುಟದ ಮೇಲೆಯೇ ನಡೆದದ್ದನ್ನೆಲ್ಲ ಬರೆದು, ಹೆಸರು ಹಾಕಿ ಅವನ ಕೈಗಿಟ್ಟೆ. ಬಿತ್ತನೆಗೆ ಇನ್ನು ಒಂದು ವಾರವಷ್ಟೇ ಉಳಿದಿದೆ ಎಂದ.

ಸಂಜೆ ಹೊಳೆನರಸೀಪುರದಿಂದ ಹಾಸನದ ಬಸ್ಸಿನಲ್ಲಿ ನಿಂತೇ ಬಂದೆ. ಕೂರಲು ಜಾಗ ಕೊಡಬಂದವರಿಗೆ ಬೇಡವೆಂದೆ.

ಆರನೆಯ ದಿನ ಯಶೋದಮ್ಮನ ಫೋನು ಬಂತು. “ಬೀಜ ಬಂತು ಸಾ. ನೆನ್ನೆ ಊರುದ್ವಿ.” ತಪ್ಪಾಯಿತು ಎಂದೆ. ಆವತ್ತು ಅವರೆದುರು ನಿಂತು ಹೇಳದೆ ಬಂದಿದ್ದ ಮಾತು.

“ಬಂದ್ರೆ ಬನ್ನಿ ಸಾ, ಊಟ ಮಾಡ್ಕಂಡ್ ಓಗಿ. ಒಲ್ದಲ್ಲಿ ಮಾತ್ರ ಇನ್ನೇನೂ ಏಳ್ಬ್ಯಾಡಿ.”