ಆಡಿದವರ ಬೆಂಚು

ಹರಿಹರದ ಒಂದು ಮೈದಾನದಲ್ಲಿ ಗೋಲ್‌ಪೋಸ್ಟಿನ ಎಡಕ್ಕೆ ಕಬ್ಬಿಣದ ಬೆಂಚೊಂದಿದೆ. ಅದರ ಮೇಲೆ ಕೂರುವವರು ಹಿಂದೆ ಊರಿನ ಕಾರ್ಖಾನೆಯ ಹಾಕಿ ತಂಡದಲ್ಲಿ ಆಡಿದವರು ಮಾತ್ರ. ಹಾಗೆಂದು ಎಲ್ಲೂ ಬರೆದಿಲ್ಲ. ಆಡದವರು ಕೂತರೆ ಯಾರೂ ಎಬ್ಬಿಸುವುದಿಲ್ಲ. ಮಾತು ನಿಂತುಬಿಡುತ್ತದೆ, ಕೂತವನೇ ಎದ್ದು ಹೋಗುತ್ತಾನೆ. ನಿವೃತ್ತ ಆಟಗಾರರ ಹಸ್ತಾಕ್ಷರ ಕೂಡಿಸುವ ನನಗೆ ಇದು ಅನುಕೂಲವೇ ಆಗಿತ್ತು. ಭಾನುವಾರ ದಾವಣಗೆರೆಯಿಂದ ಸ್ಕೂಟರಿನಲ್ಲಿ ಹೋಗಿ, ಅರ್ಧ ಆಟ ಮುಗಿದಾಗ ಬೆಂಚಿನ ಈ ತುದಿಯಿಂದ ಆ ತುದಿಗೆ ಪುಸ್ತಕ ದಾಟಿಸುತ್ತಿದ್ದೆ. ನೀವು ಆಡಿದ್ದೀರಾ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ಪದ್ಧತಿಗೆ ಒಂದು ವಿನಾಯಿತಿ ಇರುವುದು ನನಗೆ ತಿಳಿದಿರಲಿಲ್ಲ. ಬೆಂಚಿನವರೊಬ್ಬರು ತೀರಿಕೊಂಡರೆ ಆ ಜಾಗ ಬರಿದಾಗಿ ಕಾಣಬಾರದೆಂದು ಅವರ ಮನೆಯವರೊಬ್ಬರನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಮೂರನೆಯ ಜಾಗದಲ್ಲಿ ಹಾಗೆ ಕೂತಿದ್ದವರು ಒಬ್ಬ ಗಾದಿ ಹೊಲಿಯುವ ಸಾಹೇಬರು. ಎಡ ಅಂಚಿನಲ್ಲಿ ಮಿಂಚಿನಂತೆ ಓಡುತ್ತಿದ್ದ ಹೆಸರಾಂತ ಆಟಗಾರ ಅವರ ಅಣ್ಣ. ಅಣ್ಣನ ಹಳೆಯ ಫೋಟೋ ಒಂದು ನನ್ನ ಬಳಿ ಇತ್ತು. ಅದೇ ಮೂಗು, ಅದೇ ದಪ್ಪ ಹುಬ್ಬು. ನಾನು ಅಣ್ಣನ ಹೆಸರು ಹಿಡಿದು ನಮಸ್ಕಾರ ಮಾಡಿ ಪುಸ್ತಕ ಚಾಚಿದೆ. ಬೆಂಚು ನಕ್ಕಿತು. ಅವರು ಸಹಿ ಹಾಕಿದರು, ಅಣ್ಣನ ಹೆಸರಿನಲ್ಲಿ.

ಇಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಪಕ್ಕದಲ್ಲಿದ್ದವರು "ಹಾಕ್ರಿ ಸಾಹೇಬ್ರ, ನಿಮ್ಮಣ್ಣಂದೂ ನಿಮ್ದೂ ಬ್ಯಾರೆನಾ?" ಎಂದದ್ದು ಅವತ್ತೇ ಕಿವಿಗೆ ಬಿದ್ದಿತ್ತೋ, ಆಮೇಲೆ ಗೊತ್ತಾದದ್ದನ್ನು ನಾನೇ ಹಿಂದಕ್ಕೆ ಒಯ್ದು ಅವರ ಬಾಯಲ್ಲಿ ಇಟ್ಟೆನೋ? ಅವತ್ತೇ ಬಿದ್ದಿದ್ದರೆ ನಾನು ಮೋಸ ಹೋದವನಲ್ಲ. ಈ ಪ್ಯಾರಾವನ್ನು ಎರಡು ರೀತಿ ಬರೆದು ನೋಡಿದ್ದೇನೆ. ಎರಡೂ ನಿಜದ ಹಾಗೆಯೇ ಕಾಣುತ್ತವೆ.

ಮುಂದಿನ ವಾರವೇ ಪುಸ್ತಕವನ್ನು ದಾವಣಗೆರೆಯ ಪಂದ್ಯಾವಳಿ ಸಮಿತಿಗೆ ತೋರಿಸಿದೆ. ಸಮಿತಿಯಲ್ಲಿ ನಾನೂ ಒಬ್ಬ. ಹಾಕಿಯ ಬಗ್ಗೆ ತಿಳಿದವನೆಂದು ಅಲ್ಲಿ ನನಗೊಂದು ಕುರ್ಚಿ. ಅಧ್ಯಕ್ಷರು ಆ ಸಹಿ ನೋಡಿ, "ಇವ್ರು ಇನ್ನೂ ಅದಾರಾ! ಈ ಸಲ ಸನ್ಮಾನ ಇವ್ರಿಗೇ" ಎಂದರು. ಆಮಂತ್ರಣ ಪತ್ರಿಕೆ ಅಚ್ಚಾಯಿತು. ಅದನ್ನು ಕೊಡಲು ವಿಳಾಸ ಕೇಳಿಕೊಂಡು ಹರಿಹರದ ಅವರ ಗಾದಿ ಅಂಗಡಿಗೆ ಹೋದಾಗ ಸಾಹೇಬರು ಅರಳೆಯ ರಾಶಿಯ ನಡುವೆ ಕೂತಿದ್ದರು. ಪತ್ರಿಕೆ ಓದಿ ಸೂಜಿ ಕೆಳಗಿಟ್ಟರು.

"ಸರ್, ನಮ್ಮಣ್ಣ ಹೋಗಿ ಎರಡು ವರ್ಷ ಆತು. ನಾನು ಒಂದಿನಾನೂ ಸ್ಟಿಕ್ ಹಿಡಿದಾವಲ್ಲ. ಬೆಂಚಿನಾಗೆ ನಗ್ತಿದ್ರು, ನಾನೂ ನಕ್ಕೊಂತ ಬರೆದುಬಿಟ್ಟೆ. ತಪ್ಪಾತು."

ಆಗಲೇ ಸಮಿತಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅಧ್ಯಕ್ಷರ ಮುಖ ಕಣ್ಣಮುಂದೆ ಬಂತು. ಬೆಂಚಿನ ಮೇಲೆ ಯಾರು ಕೂತಿದ್ದಾರೆಂದೂ ತಿಳಿಯದ ತಜ್ಞ ಎಂಬ ನಗು ಕೇಳಿಸಿತು. "ಅಣ್ಣನ ಪರವಾಗಿ ನೀವೇ ಬಂದು ತಗೊಳ್ಳಿ, ತಮ್ಮ ಅಂತ ಮೈಕಿನಲ್ಲಿ ನಾನೇ ಹೇಳಿಸ್ತೀನಿ" ಎಂದೆ.

"ನಿಮ್ಮನ್ನ ನಂಬಿ ಬರ್ತೀನಿ. ನಮ್ಮಣ್ಣನ ಮಗಳೂ ಬರ್ತಾಳೆ. ಅವಳ ಎದುರಿಗೆ ಅವ್ಳಪ್ಪ ಅನ್ನಿಸ್ಕೊಂಡು ಕುಂದ್ರಾಕ ಆಗಲ್ಲ ನನಗೆ."

ಸನ್ಮಾನದ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಶಾಮಿಯಾನದ ಕೆಳಗೆ ಬಿಸಿ ಏರಿತ್ತು. ವೇದಿಕೆಯ ಮೇಲೆ ಒಂದೇ ಸಾಲಿನ ಸೋಫಾ. ಮುಂದೆ ಬಟ್ಟೆ ಹೊದಿಸಿದ ಮೇಜು, ಹಿಂದೆ ಫ್ಲೆಕ್ಸ್, ಬಲಕ್ಕೆ ಜನರೇಟರಿನ ತಂತಿ, ಎಡಕ್ಕೆ ಫೋಟೋದವರು. ಒಮ್ಮೆ ಕೂತರೆ ಏಳಲು ಐದು ಜನರ ಮಂಡಿ ದಾಟಬೇಕು. ಬಂದ ಕೂಡಲೇ ಸಾಹೇಬರ ತಲೆಗೆ ಪೇಟ ಇಟ್ಟಿದ್ದರು. ಅದು ಚಿಕ್ಕದಾಗಿ ಹಣೆಯಲ್ಲಿ ಗೆರೆ ಮೂಡಿತ್ತು. ಮುಖ್ಯ ಅತಿಥಿ ಇನ್ನೂ ಬಂದಿರಲಿಲ್ಲ.

"ಹೇಳಿದ್ರಾ?" ಎಂದರು ಸಾಹೇಬರು ನನ್ನ ಕಡೆ ಬಾಗಿ.

"ಹೇಳ್ತೀನಿ."

ನಿರೂಪಕ ಒಂದು ಮಾರು ದೂರದಲ್ಲಿದ್ದ. ನಾನು ಎದ್ದೆ. ಅಧ್ಯಕ್ಷರು ಅಂಗಿ ಹಿಡಿದು, "ಎಲ್ಲಿಗ್ರಿ? ಅತಿಥಿಗಳು ಬರೋ ಹೊತ್ತಾತು, ಕೂಡ್ರಿ" ಎಂದು ಜಗ್ಗಿದರು. ಕೂತೆ. ಒಂದು ಚೀಟಿ ಬರೆಯಬಹುದಿತ್ತು. ಜೇಬಿನಲ್ಲಿ ಪೆನ್ನಿತ್ತು, ಎರಡಿದ್ದವು. ಹಸ್ತಾಕ್ಷರದವನ ಬಳಿ ಯಾವಾಗಲೂ ಇರುತ್ತವೆ. ಬರೆದೆ ಎಂದು ಒಮ್ಮೊಮ್ಮೆ ನೆನಪಾಗುತ್ತದೆ. ಬರೆದಿರಲಿಲ್ಲ.

"ಹೇಳಿದ್ರಾ ಸರ್?"

ಎದುರಿನ ಹೆಂಗಸರ ಸಾಲಿನಲ್ಲಿ ಅಣ್ಣನ ಮಗಳು ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಿದ್ದಳು. ಚಿಕ್ಕಪ್ಪನನ್ನೇ ನೋಡುತ್ತಿದ್ದಳು. ಸಾಹೇಬರು ನೆಲ ನೋಡುತ್ತಿದ್ದರು. ಮುಖ್ಯ ಅತಿಥಿ ಬಂದರು, ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ನಿರೂಪಕ ಅಣ್ಣನ ಹೆಸರು ಕೂಗಿದ, ಅಣ್ಣ ಹೊಡೆದ ಗೋಲುಗಳನ್ನು ಹೊಗಳಿದ. ಸಾಹೇಬರು ಏಳಲಿಲ್ಲ. ಕಿವಿ ಮಂದವಿರಬೇಕೆಂದು ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು, "ಎರಡು ಮಾತು" ಎಂದು ಮೈಕು ಬಾಯಿಗೆ ಹಿಡಿದರು.

"ಆಡಿದಾತ ನಮ್ಮಣ್ಣ. ನಾನಲ್ಲ. ಅವ ಹೋಗ್ಯಾನ. ನಾನು ಗಾದಿ ಹೊಲಿಯಾವ."

ಅಧ್ಯಕ್ಷರು ಮೈಕು ತಮ್ಮ ಕಡೆ ತಿರುಗಿಸಿಕೊಂಡು, "ದೊಡ್ಡೋರು ನೋಡ್ರಿ! ಇಷ್ಟು ಹೆಸರು ಮಾಡಿದ್ರೂ ನಂದೇನೂ ಇಲ್ಲ, ಎಲ್ಲಾ ನಮ್ಮಣ್ಣಂದು ಅಂತಾರೆ. ಇದು ವಿನಯ!" ಎಂದರು. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಯೂ ತಟ್ಟಿದರು. ನನ್ನ ಕೈಗಳೂ ಸೇರಿಕೊಂಡವು.

ಅದಾದ ಮೇಲೆ ಎರಡೂ ತಂಡದವರು ಸ್ಟಿಕ್ಕು, ಟೀ ಶರ್ಟು ಹಿಡಿದು ವೇದಿಕೆಯ ಕೆಳಗೆ ಸಾಲು ನಿಂತರು. ಸಾಹೇಬರನ್ನು ವೇದಿಕೆಯ ಅಂಚಿಗೆ ಕುರ್ಚಿ ಹಾಕಿ ಕೂರಿಸಿದರು. ಯಾರೋ ಪೆನ್ನು ಕೊಟ್ಟರು. ಮೊದಲ ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಅವರು ಸುಮ್ಮನೆ ಕೂತರು. ಸಾಲು ಬೆಳೆಯುತ್ತಿತ್ತು.

ಅಣ್ಣನ ಮಗಳು ಸಾಲು ಸರಿಸಿಕೊಂಡು ಬಂದು ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಪೇಟ ತೆಗೆದು ಮೇಜಿನ ಮೇಲಿಟ್ಟಳು. "ಸಾಕು ಚಾಚಾ, ಏಳ್ರಿ. ಬಸ್ಸಿಗೆ ಹೊತ್ತಾತು."

ನನ್ನ ಎದುರು ನಿಂತಳು. "ನೀವು ಹೇಳ್ತೀನಿ ಅಂದಿದ್ರಂತೆ."

"ಆಗ್ಲಿಲ್ಲಮ್ಮ. ಎದ್ದು ಹೋಗೋಕೆ ಬಿಡ್ಲಿಲ್ಲ."

"ಈಗ ಯಾರು ಹಿಡ್ಕೊಂಡಾರ್ರಿ ನಿಮ್ಮನ್ನ? ಮೈಕು ಅಲ್ಲೇ ಐತಲ್ಲ."

ಮೈಕು ಅಲ್ಲೇ ಇತ್ತು. ಶಾಲನ್ನೂ ಬುಟ್ಟಿಯನ್ನೂ ಕುರ್ಚಿಯ ಮೇಲೇ ಬಿಟ್ಟು ಅವರಿಬ್ಬರೂ ಗೇಟಿನ ಕಡೆ ನಡೆದರು. ಸಾಹೇಬರು ನನ್ನ ಕಡೆ ನೋಡಲೂ ಇಲ್ಲ.

ಸಾಲಿನ ಮುಂದಿದ್ದ ಗೋಲ್‌ಕೀಪರ್ ಕಾಲಿನ ಪ್ಯಾಡು ಬಿಚ್ಚದೆ ನಿಂತೇ ಇದ್ದ. "ಸರ್, ಅವ್ರು ವಾಪಸ್ ಬರ್ತಾರಲ್ಲ?"

"ಬರ್ತಾರೆ," ಎಂದೆ. "ನಿಂತಿರಿ."